ಸಾವಿರದ ನಾನೂರು ಕ್ಯಾಲೊರಿ, ಮತ್ತೆ ರೈಲ್ವೆ ಬ್ರಿಡ್ಜಿನ ಏರು

ಹಲೋ… ಹಲೋ, ಯಾರು ಮಾತಾಡ್ತಿರೋದು? ಹಿನಾ ಮೇಡಮ್ಮಾ? ಆಸ್ಪತ್ರೇಲಿ ತೂಕ ಇಳಿಸೋಕೆ ಊಟದ ಲೆಕ್ಕ ಹೇಳಿಕೊಡ್ತಾರಲ್ಲ, ಆ ದಾವಣಗೆರೆ ಹಿನಾ ಮೇಡಮ್ಮೇ ತಾನೇ?…

ಅಪ್ಪಾ ಸಾಮಿ, ಸಿಕ್ಕಿದ್ರಲ್ಲ! ನಾನು ಸೌಡೇಶ್ವರಿ ಮೇಡಂ. ಬನಿಯನ್ ಕಂಪನಿ ಸೌಡೇಶ್ವರಿ… ಹಾಂ, ಅದೇ, ನಿಮ್ಮ ರೂಮಲ್ಲಿ ಪ್ಲಾಸ್ಟಿಕ್ ಕುರ್ಚಿ ಕಾಲು ಬಗ್ಗಿಸಿದೋಳು. ಈಗ ನೆನಪು ಬಂತಲ್ವಾ? ಹೆಸರು ಹೇಳಿದ್ರೆ ಬರಲಿಲ್ಲ, ಕುರ್ಚಿ ಅಂದ ಕೂಡ್ಲೇ ಬಂತು…

ನಗಬೇಡಿ ಮೇಡಂ, ನಾನು ಕೋಪದಲ್ಲಿ ಫೋನ್ ಮಾಡಿರೋದು… ಛೆ ಛೆ, ನಿಮ್ಮ ಮೇಲಲ್ಲ. ನಿಮ್ಮ ಲೆಕ್ಕದ ಮೇಲೆ. ಮನೇಲಿ ಮಾತ್ರ ಕನ್ನಡ ಆಡೋ ನಮಗೆ ಈ ತಮಿಳುನಾಡಿನ ತಿರುಪ್ಪೂರಲ್ಲಿ ಕನ್ನಡ ಮಾತಾಡೋ ಡಾಕ್ಟ್ರಮ್ಮ ಸಿಕ್ಕಿದ್ರಲ್ಲ ಅಂತ ನೀವು ಹೇಳಿದ್ದೆಲ್ಲ ತಲೆ ಮೇಲೆ ಹೊತ್ಕೊಂಡು ಬಂದೆ. ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿ, ಅದರ ಮೇಲೆ ಒಂದು ತುತ್ತೂ ಹೋಗಬಾರದು ಅಂದ್ರಲ್ವಾ? ಒಂದು ತಿಂಗಳಾಯ್ತು, ದಾಟಿಲ್ಲ. ನಮ್ಮ ಸೌಡೇಶ್ವರಿ ಅಮ್ಮನ ಮೇಲಾಣೆ. ನನ್ನ ಹೆಸರಿನ ದೇವ್ರೇ ಅವಳು, ಸುಳ್ಳು ಆಣೆ ಇಟ್ರೆ ಸುತ್ತಿ ಬಂದು ನನಗೇ ತಟ್ಟತ್ತೆ. ಇವತ್ತು ಮಧ್ಯಾಹ್ನ ಕಂಪನಿ ಗೋಡೌನಲ್ಲಿ ತೂಕದ ಮಿಷಿನ್ ಹತ್ತಿದೆ. ಎಷ್ಟು ತೋರಿಸ್ತು ಹೇಳಿ ನೋಡೋಣ?…

ಇಳಿದಿಲ್ಲ ಮೇಡಂ! ಎರಡು ಕಿಲೋ ಏರಿದೀನಿ!… ಬಟ್ಟೆ ಮೂಟೆ ತೂಗೋ ಮಿಷಿನ್ನಾದ್ರೆ ಏನಂತೆ? ಜರ್ಮನಿ ಬೈಯರಿಗೇ ಸುಳ್ಳು ಹೇಳದ ಮಿಷಿನ್ನು, ನನಗ್ಯಾಕೆ ಹೇಳತ್ತೆ?…

ಅಯ್ಯೋ ಇರಿ ಇರಿ, ಪೀಂ ಪೀಂ ಅಂತಿದೆ. ಕಾಯಿನ್ ಫೋನು. ಸೆಲ್ಲು ನಮ್ಮನೆಯೋರು ಬಟ್ಟೆಗೆ ಬಣ್ಣ ಹಾಕೋ ಡೈಯಿಂಗ್ ಕಂಪನಿಗೆ ತಗೊಂಡು ಹೋಗಿದಾರೆ. ನಾನು ಇಲ್ಲಿ ಸ್ಕೂಲ್ ಪಕ್ಕ ಬೇಕರಿ ಮುಂದೆ ನಿಂತಿದೀನಿ. ಕುಪ್ಪಸಾಮಿ ಅಣ್ಣಾ, ಒರು ರೂಬಾ ಚಿಲ್ಲರೆ ಕುಡುಂಗೊ… ಏನು? ಏನಾದ್ರೂ ತಗೊಂಡ್ರೆ ಮಾತ್ರಾನಾ?… ಕೇಳಿದ್ರಾ ಮೇಡಂ ಇವರ ನ್ಯಾಯಾನ? ಬೇಕರಿಯೋರು ಬರೀ ಚಿಲ್ಲರೆ ಕೊಡಲ್ವಂತೆ. ಸರೀಂಗೊ ಅಣ್ಣಾ, ಎರಡು ವರ್ಕಿ ಕುಡುಂಗೊ… ಮಕ್ಕಳಿಗೆ ಮೇಡಂ, ಮಕ್ಕಳಿಗೆ! ಬೆಣ್ಣೆ ಹಾಕಿದ ಗರಿಗರಿ ಬಿಸ್ಕತ್ತು ಅದು, ನಾನ್ಯಾಕೆ ತಿನ್ನಲಿ ವರ್ಕೀನ?…

ಹಾಂ, ಬಿತ್ತು ಕಾಯಿನ್ನು. ಹೇಳಿ… ಒಂದು ತಿಂಗಳಿಗೇ ಯಾಕಿಷ್ಟು ಅವಸರ ಅಂತೀರಾ? ಅವತ್ತು ಮಂಡಿ ನೋವು ಅಂತ ಹೇಳಿದ್ದೆ. ಮಂಡಿ ನೋವಿದೆ, ಇಲ್ಲ ಅನ್ನಲ್ಲ. ಆದ್ರೆ ನಾನು ಬಂದಿದ್ದು ಮಂಡಿಗಲ್ಲ ಮೇಡಂ. ವಂಡಿಗೆ…

ವಂಡಿ ಮೇಡಂ, ಮೊಪೆಡ್ಡು. ನಾಚಿಕೆ ಬಿಟ್ಟು ಹೇಳ್ತೀನಿ ಕೇಳಿ. ಬೆಳಿಗ್ಗೆ ಮಕ್ಕಳಿಬ್ರನ್ನೂ ವಂಡೀಲಿ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟು ಹಾಗೇ ಕೆಲಸಕ್ಕೆ ಹೋಗೋದು. ಸಣ್ಣೋನು ಶಕ್ತಿವೇಲ್ ಮುಂದೆ ನಿಲ್ತಾನೆ, ದೊಡ್ಡೋಳು ಸರಣ್ಯಾ ಹಿಂದೆ. ಮನೆಯಿಂದ ಇಲ್ಲಿಗೆ ಬರೋ ದಾರೀಲಿ ರೈಲ್ವೆ ಬ್ರಿಡ್ಜ್ ಇದೆಯಲ್ಲ, ಒಂದು ದಿನ ಅದರ ಏರಿನ ನಡು ಮಧ್ಯದಲ್ಲಿ ವಂಡಿ ಗುರ್ ಅಂತು, ನಿಂತೇ ಬಿಡ್ತು. ಸರಣ್ಯಾ ಇಳಿದು ಹಿಂದಿನಿಂದ ತಳ್ಳಿದ್ಳು, ಆಮೇಲೆ ಹತ್ತಿತು. ಅಷ್ಟರಲ್ಲಿ ಪಕ್ಕದಲ್ಲೇ ಸ್ಕೂಲ್ ವ್ಯಾನು! ಒಳಗಿದ್ದ ಮಕ್ಕಳೆಲ್ಲ ಕಿಟಕಿಗೆ ಬಂದು ಚಪ್ಪಾಳೆ ತಟ್ಟಿದ್ವು. ಮಾರನೇ ದಿನದಿಂದ ‘ನಾನು ಟೌನ್ ಬಸ್ಸಲ್ಲೇ ಹೋಗ್ತೀನಮ್ಮ’ ಅಂತ ಶುರು ಮಾಡಿದ್ಳು. ನನ್ನ ಜೊತೆ ಬರೋಕೆ ಅವಳಿಗೆ ನಾಚಿಕೆ ಮೇಡಂ…

ಬಸ್ಸಲ್ಲಿ ಹೋದ್ರೆ ಹೋಗ್ಲಿ ಅಂದ್ಬಿಟ್ರಲ್ಲ! ನಿಮಗಿನ್ನೂ ಮಕ್ಕಳಿಲ್ಲ ಅಲ್ವಾ?… ಅದಕ್ಕೇ. ನೋಡಿ, ನಾನು ಮನೆ ಸೇರೋ ಹೊತ್ತಿಗೆ ಕತ್ತಲು. ಒಲೆ, ಪಾತ್ರೆ, ಅತ್ತೆ, ಸಣ್ಣೋನ ಹೋಂವರ್ಕು. ದೊಡ್ಡೋಳು ನನಗೆ ಸಿಗ್ತಿದ್ದಿದ್ದೇ ಆ ವಂಡಿ ಮೇಲೆ. ಬೆನ್ನಿಗೆ ಗಲ್ಲ ಒತ್ತಿಕೊಂಡು ದಾರಿ ಪೂರ್ತಿ ಮಾತು. ಟೀಚರ್ ಬೈದಿದ್ದು, ಸ್ನೇಹಿತೆ ಟೂ ಬಿಟ್ಟಿದ್ದು, ಕೆಟ್ಟ ಕನಸು ಬಿದ್ದಿದ್ದು. ಮುಖ ನೋಡಿ ಹೇಳೋಕಾಗದ್ದನ್ನೆಲ್ಲ ಬೆನ್ನಿಗೆ ಹೇಳೋಳು. ಈಗ ನನ್ನ ಬೆನ್ನು ಖಾಲಿ…

ಇಲ್ಲ, ಅಳ್ತಿಲ್ಲ. ಧೂಳು… ಇವತ್ತು ಕಂಪನೀಲಿ ಕರೆಂಟಿಲ್ಲ ಅಂತ ಬೇಗ ಬಿಟ್ರು. ಸಣ್ಣೋನಿಗೆ ಮಧ್ಯಾಹ್ನಕ್ಕೇ ಸ್ಕೂಲ್ ಬಿಡತ್ತೆ, ಅತ್ತೆ ಕರ್ಕೊಂಡು ಹೋಗಿರ್ತಾರೆ. ಅವಳು ಬಸ್ ಹತ್ತೋದು ಈ ಬೇಕರಿ ಮುಂದೇನೇ. ‘ತೂಕ ಇಳಿಸಿದೀನಿ ನನ್ನ ಕಣ್ಣು, ಇವತ್ತು ವಂಡೀಲಿ ಬಾ’ ಅಂತ ಕೇಳೋಣ ಅಂತಿದ್ದೆ, ಬಂದು ನಿಂತೂ ಆಯ್ತು. ಯಾವ ಮುಖ ಇಟ್ಕೊಂಡು ಕೇಳಲಿ? ಬೆಲ್ ಹೊಡೆಯೋದರೊಳಗೆ ನೀವೇ ಒಂದು ದಾರಿ ಹೇಳ್ಬೇಕು…

ಏನದು? ಕರಕರ ಶಬ್ದಾನಾ?… ಲೈನ್ ಮೇಡಂ, ಲೈನು. ಈ ಫೋನೇ ಹೀಗೆ…

ಕೇಳಿ ಕೇಳಿ, ಏನು ತಿಂತೀನಿ ಅಂತ ಎಲ್ಲಾ ಕೇಳಿ, ಬಾಯಿಪಾಠ ಒಪ್ಪಿಸ್ತೀನಿ. ಬೆಳಿಗ್ಗೆ ಮೂರು ಇಡ್ಲಿ, ಸಾಂಬಾರ್. ನೀವು ಚಟ್ನಿ ಬೇಡ ಅಂದ್ರಿ, ಚಟ್ನಿ ಮುಟ್ಟಿಲ್ಲ. ಮಧ್ಯಾಹ್ನ ಒಂದು ಬಟ್ಟಲು ಅನ್ನ, ಕೀರೆ ಸೊಪ್ಪು. ಸಾಯಂಕಾಲ ಸಕ್ಕರೆ ಇಲ್ಲದ ಟೀ, ಅದನ್ನ ಕುಡಿಯೋ ಕಷ್ಟ ನನಗೆ ಮಾತ್ರ ಗೊತ್ತು. ರಾತ್ರಿ ಎಣ್ಣೆ ಹಾಕದ ಎರಡು ದೋಸೆ. ಬೆಣ್ಣೆ ದೋಸೆ ಊರಿಂದ ಬಂದು ನನಗೆ ಎಣ್ಣೆ ಇಲ್ಲದ ದೋಸೆ ಹೇಳಿದ್ರಲ್ಲ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?… ಅಷ್ಟೇ. ಬೇರೆ ಏನೂ ಇಲ್ಲ. ಸರಿಯಾಗಿ ಸಾವಿರದ ನಾನೂರು…

ಮಕ್ಕಳು ತಟ್ಟೇಲಿ ಬಿಟ್ಟಿದ್ದಾ? ಅದು ನಾನೇ ತಿಂತೀನಿ. ಮತ್ಯಾರು ತಿಂತಾರೆ, ನಮ್ಮನೆಯೋರಾ?… ಇಲ್ಲ ಇಲ್ಲ, ಅದನ್ನ ಸೇರಿಸಿಲ್ಲ. ಅದು ಸೆಕೆಂಡ್ಸ್ ಅಲ್ವಾ?…

ಸೆಕೆಂಡ್ಸ್ ಮೇಡಂ! ತಿರುಪ್ಪೂರಲ್ಲಿದ್ದು ಸೆಕೆಂಡ್ಸ್ ಗೊತ್ತಿಲ್ವಾ? ನಾನು ಚೆಕಿಂಗ್ ಸೂಪರ್‌ವೈಸರ್. ಹೊಲಿದು ಬಂದ ಬನಿಯನ್ನೆಲ್ಲ ನನ್ನ ಮೇಜಿಗೆ ಬರತ್ತೆ. ಚೆನ್ನಾಗಿದ್ರೆ ಪಾಸು, ಆರ್ಡರ್ ಲೆಕ್ಕಕ್ಕೆ ಹೋಗತ್ತೆ. ತೂತು, ಕಲೆ, ಓರೆ ಹೊಲಿಗೆ ಇದ್ರೆ ಸೆಕೆಂಡ್ಸ್, ಬೇರೆ ಮೂಟೆಗೆ ಎಸೀತೀವಿ. ಅದು ಲೆಕ್ಕಕ್ಕೆ ಬರೋದೇ ಇಲ್ಲ. ಈಗ ಶಕ್ತಿವೇಲ್ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಬೆರಳು ಚುಚ್ಚಿಟ್ಟ ಇಡ್ಲಿ ಪಾಸ್ ಪೀಸಾ ಹೇಳಿ? ಯಾವ ಬೈಯರ್ ತಗೋತಾನೆ ಅದನ್ನ?…

ಉಪ್ಪು ನೋಡೋದಾ? ನೋಡದೆ ಹೇಗಿರೋದು? ಅದು ಸ್ಯಾಂಪಲ್. ಸ್ಯಾಂಪಲ್ ಪೀಸನ್ನೂ ಆರ್ಡರಲ್ಲಿ ಸೇರಿಸಲ್ಲ… ಒಂದು ಸೌಟು. ಸಣ್ಣ ಸೌಟು ಅಲ್ಲ, ಅದು ಕಳೆದುಹೋಗಿದೆ… ಪಲ್ಯಕ್ಕೂ ಒಂದ್ಸಲ. ಪಾಯಸಕ್ಕೆ ಎರಡು ಸಲ, ಯಾಕಂದ್ರೆ ಬೆಲ್ಲ ಕರಗಿದ ಮೇಲೆ ರುಚಿ ಬೇರೆ ಆಗತ್ತೆ…

ಮತ್ತೆ ಮೊದಲನೇ ದೋಸೆ ಕಲ್ಲಿಗೆ ಹಿಡ್ಕೊಂಡು ಹರಿದು ಹರಿದು ಬರತ್ತಲ್ಲ, ಅದೂ ನನಗೇ. ಅದು ವೇಸ್ಟೇಜು. ನೂಲು ಅಂದ್ರೆ ವೇಸ್ಟೇಜ್ ಇದ್ದೇ ಇರತ್ತೆ, ಕಂಪನಿ ಮಾಲೀಕರೇ ಒಪ್ಕೋತಾರೆ…

ಮೇಡಂ, ನಗ್ತಿದೀರಾ, ಅಳ್ತಿದೀರಾ, ಏನಾದ್ರೂ ಒಂದು ಹೇಳಿ…

ಎಲ್ಲಾ ಸೇರಿಸಿದ್ರೆ ಎಷ್ಟು? ಇನ್ನೊಂದ್ಸಲ ಹೇಳಿ… ಎರಡು ಸಾವಿರದ ಮುನ್ನೂರಾ!… ಅಯ್ಯಯ್ಯೋ, ನನ್ನ ಸೆಕೆಂಡ್ಸೇ ಒಂದು ಲಾರಿ ಲೋಡಾಯ್ತಲ್ಲ ಮೇಡಂ! ಇಂಥ ಚೆಕಿಂಗ್ ಕಂಪನೀಲಿ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು…

ಮತ್ತೆ ಪೀಂ ಪೀಂ. ಹಾಳಾಗಿ ಹೋಗ್ಲಿ. ಅಣ್ಣಾ, ಚಿಲ್ಲರೆ… ಗೊತ್ತು ಗೊತ್ತು, ಒಂದು ಪಪ್ಸ್ ಕುಡುಂಗೊ. ಮೊಟ್ಟೆದು ಬೇಡ, ತರಕಾರೀದು… ಕೈಯಲ್ಲಿ ಹಿಡ್ಕೊಂಡಿದೀನಿ ಮೇಡಂ, ಬರೀ ಹಿಡ್ಕೊಂಡಿದೀನಿ. ಸರಣ್ಯಾಗೆ. ಪಪ್ಸ್ ಅಂದ್ರೆ ಪ್ರಾಣ ಬಿಡ್ತಾಳೆ ಅವಳು…

ಸರಿ, ಈಗ ಟಾರ್ಗೆಟ್ ಸಾವಿರಕ್ಕೆ ಇಳಿಸ್ತೀರಾ? ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಕೊಂಡಾದ್ರೂ ಇರ್ತೀನಿ… ಏನು? ಸಾವಿರದ ಆರುನೂರಾ? ನೀವೇ ಏರಿಸ್ತಿದೀರಾ?… ಹಾಂ… ಹಾಂ… ಓಹೋ, ತಟ್ಟೆ ಮಿಕ್ಕಿದ್ದು, ಸೌಟು, ಹರಿದ ದೋಸೆ, ಎಲ್ಲಾ ಅದರೊಳಗೇನಾ? ಆಗ ಸಾವಿರದ ಎಂಟುನೂರು ಮಾಡಿ ಮೇಡಂ… ಸಾವಿರದ ಏಳುನೂರು. ನಿಮಗೂ ಬೇಡ, ನನಗೂ ಬೇಡ… ಇಲ್ವಾ? ದಾವಣಗೆರೆಯೋರು ಇಷ್ಟು ಗಟ್ಟಿ ಅಂತ ಗೊತ್ತಿರಲಿಲ್ಲ. ನಮ್ಮ ಕಂಪನೀಲಿ ಬೈಯರ್ ಜೊತೆ ಮಾತಾಡೋಕೆ ನಿಮ್ಮನ್ನ ಕೂರಿಸ್ಬೇಕು. ಆಯ್ತು, ಸಾವಿರದ ಆರುನೂರು, ಸೆಕೆಂಡ್ಸ್ ಮೂಟೆ ಸಮೇತ…

ಆದ್ರೆ ಮಕ್ಕಳು ಬಿಟ್ಟಿದ್ದನ್ನ ಏನು ಮಾಡಲಿ? ಎಸೀಲಾ? ಅನ್ನ ಎಸೆಯೋ ಕೈ ಅಲ್ಲ ಮೇಡಂ ಇದು… ಕಮ್ಮಿ ಬಡಿಸ್ಬೇಕಾ? ಬೇಕಾದ್ರೆ ಅವರೇ ಕೇಳ್ತಾರೆ ಅಂತೀರಾ?… ಅದು ಸರಿ, ಅದು ಸರಿ. ಅಷ್ಟು ಸಣ್ಣ ಮಾತು ನನ್ನ ದೊಡ್ಡ ತಲೆಗೆ ಹೊಳೀಲಿಲ್ಲ ನೋಡಿ…

ಯಾರ ತಟ್ಟೇಲಿ ಜಾಸ್ತಿ ಉಳಿಯೋದು ಅಂದ್ರೆ… ಸಣ್ಣೋನದು ಚೂರುಪಾರು. ಸರಣ್ಯಾದೇ ಜಾಸ್ತಿ. ಅರ್ಧಕ್ಕರ್ಧ ಹಾಗೇ ಇರತ್ತೆ… ಯಾವಾಗಿಂದಾ? ಮುಂಚೆ ತಟ್ಟೆ ತೊಳೆದ ಹಾಗೆ ತಿನ್ನೋಳು ಮೇಡಂ, ತೊಳೆಯೋ ಕೆಲಸವೇ ಇರ್ತಿರಲಿಲ್ಲ. ಈಗ… ಈಗ ಒಂದು ತಿಂಗಳಿಂದ… ಜ್ವರ ಗಿರ ಏನೂ ಇಲ್ಲ. ಸ್ವಲ್ಪ ಇಳಿದ ಹಾಗೆ ಕಾಣ್ತಾಳೆ. ಪರೀಕ್ಷೆ ಹತ್ರ ಬಂತಲ್ಲ, ಅದಕ್ಕೆ ಅಂದ್ಕೊಂಡಿದ್ದೆ… ಕರ್ಕೊಂಡು ಬರ್ಬೇಕಾ? ಹೆದರಿಸ್ಬೇಡಿ ಮೇಡಂ…

ಬೆಲ್ ಹೊಡೀತು. ಕೇಳಿಸ್ತಾ? ಬಂದ್ವು ನೋಡಿ, ಗೂಡು ಬಿಟ್ಟ ಜೇನಿನ ಹಾಗೆ… ಏಯ್ ಸರಣ್ಯಾ! ಇಲ್ಲಿ, ಇಲ್ಲಿ ನೋಡು ಕಣ್ಣು! ಬಾ… ಬೇಗ ಬಿಟ್ರು, ಅದಕ್ಕೆ ಬಂದೆ. ಇದಾ? ನಮ್ಮ ಊಟದ ಮೇಡಂ ಜೊತೆ ಮಾತಾಡ್ತಿದೀನಿ. ತಗೋ, ಪಪ್ಸ್ ತಿನ್ನು, ಬಿಸಿ ಇದೆ… ಬೇಡ್ವಾ? ಪಪ್ಸ್ ಬೇಡ್ವಾ ನಿನಗೆ?… ಯಾಕೆ? ಹೊಟ್ಟೆ ನೋವಾ? ತಲೆ ಎತ್ತಿ ಹೇಳು… ಬೈಯಲ್ಲ, ಹೇಳು… ಏನಂದೆ?…

ಮೇಡಂ…

ಇದೀನಿ ಮೇಡಂ… ಇವಳು ಏನಂತಾಳೆ ಗೊತ್ತಾ? ‘ನಾನು ತಿಂದ್ರೆ ವಂಡಿ ಏರಲ್ಲಮ್ಮ’ ಅಂತಾಳೆ… ಹೂಂ, ಹಾಗೇ ಅಂದ್ಳು. ಅವತ್ತು ಬ್ರಿಡ್ಜ್ ಮೇಲೆ ಇವಳು ಇಳಿದ ಮೇಲೇ ಅಲ್ವಾ ವಂಡಿ ಹತ್ತಿದ್ದು? ಅದಕ್ಕೆ ಭಾರ ತನ್ನದೇ ಅಂತ ತೀರ್ಮಾನ ಮಾಡ್ಬಿಟ್ಟಿದಾಳೆ! ತಾನು ಸಣ್ಣ ಆಗೋವರೆಗೂ ಬಸ್ಸು, ಆಮೇಲೆ ಮತ್ತೆ ನನ್ನ ಹಿಂದೆ. ಅದು ಅವಳ ಲೆಕ್ಕ…

ನಾಚಿಕೆ ಅಲ್ಲ ಮೇಡಂ. ನಾಚಿಕೆ ಅಲ್ವೇ ಅಲ್ಲ…

ಎಂಥಾ ಮನೆ ನೋಡಿ ನಮ್ಮದು. ವಂಡಿ ಹಗುರ ಆಗ್ಲಿ ಅಂತ ಅವಳು ಅರ್ಧ ಬಿಡ್ತಾಳೆ, ಅವಳು ಬಿಟ್ಟಿದ್ದನ್ನ ನಾನು ತಿಂತೀನಿ. ಅವಳಿಂದ ಇಳಿದಿದ್ದೆಲ್ಲ ನನ್ನ ಮೇಲೇ ಏರಿ ಕೂತಿದೆ. ವಂಡಿಗೆ ಏನು ಲಾಭ ಹೇಳಿ?… ನೀವೂ ನಗ್ತಾ ಅಳ್ತಿದೀರಾ? ನಾನೂ ಅದೇ…

ಅಯ್ಯೋ, ಮತ್ತೆ ಪೀಂ ಪೀಂ! ಅಣ್ಣಾ, ಒಂದು ರೂಪಾಯಿ… ಏನೂ ತಗೊಳ್ಳಲ್ಲ ಅಣ್ಣಾ, ದಯವಿಟ್ಟು… ಓ, ಅವರೇ ಹಾಕಿದ್ರು ಮೇಡಂ! ಕುಪ್ಪಸಾಮಿ ಅಣ್ಣನಿಗೆ ನಮ್ಮ ಕನ್ನಡ ಎಷ್ಟು ಅರ್ಥ ಆಯ್ತೋ ಏನೋ, ಏನೂ ಮಾರದೆ ತಾನೇ ಕಾಯಿನ್ ಹಾಕಿ ಆ ಕಡೆ ತಿರುಗಿ ನಿಂತ್ಕೊಂಡ್ರು…

ಹೇಳಿ ಹೇಳಿ, ಅವಳಿಗೆ ಹೇಳ್ತೀನಿ. ಸರಣ್ಯಾ, ಕೇಳು, ಮೇಡಂ ಹೇಳ್ತಿದಾರೆ. ಬೆಳೆಯೋ ಮಕ್ಕಳಿಗೆ ಟಾರ್ಗೆಟ್ ಇಲ್ವಂತೆ. ಹಸಿವಾದಷ್ಟು ತಿನ್ಬೇಕಂತೆ. ಲೆಕ್ಕ ಎಲ್ಲಾ ದೊಡ್ಡೋರಿಗೆ. ಭಾರ ನಿಂದಲ್ಲ ಕಣೇ, ನಂದು. ನನ್ನದನ್ನ ನಾನು ಇಳಿಸ್ತೀನಿ. ನೀನು ಇದನ್ನ ಪೂರ್ತಿ ತಿನ್ನು. ಪೂರ್ತಿ! ಒಂದು ಚೂರು ಬಿಟ್ರೂ ನಾನು ಮುಟ್ಟಲ್ಲ, ಮೇಡಂ ಸಾಕ್ಷಿ…

ತಿಂತಿದಾಳೆ ಮೇಡಂ… ಮೂಗಿನ ತುದಿಗೂ ಪುಡಿ… ಕುಪ್ಪಸಾಮಿ ಅಣ್ಣನೂ ಓರೆಗಣ್ಣಲ್ಲಿ ನೋಡ್ತಿದಾರೆ…

ಅವಳ ಬಸ್ ಬಂತು. ಸರಣ್ಯಾ, ಬಸ್ಸು ಕಣ್ಣು… ಏನು? ಹೋಗಲ್ವಾ?… ಬಿಟ್ಳು ಮೇಡಂ! ಬಸ್ಸು ಬಿಟ್ಳು! ಓಡಿ ಹೋಗಿ ವಂಡಿ ಮೇಲೆ ಕೂತೇ ಬಿಟ್ಳು, ಬ್ಯಾಗ್ ಸಮೇತ!… ಏರದಿದ್ರಾ? ಏರದಿದ್ರೆ ಇಬ್ರೂ ಇಳಿದು ತಳ್ತೀವಿ. ವ್ಯಾನಿನ ಮಕ್ಕಳು ಚಪ್ಪಾಳೆ ತಟ್ಲಿ, ಕೈ ನೋಯೋವರೆಗೂ ತಟ್ಲಿ…

ಹಾಂ, ಬರ್ತೀನಿ, ಮುಂದಿನ ತಿಂಗಳು ಬರ್ತೀನಿ, ಕುರ್ಚಿ ಮಾತ್ರ ಕಬ್ಬಿಣದ್ದು ಹಾಕ್ಸಿ. ಸೆಕೆಂಡ್ಸ್, ಸ್ಯಾಂಪಲ್, ವೇಸ್ಟೇಜ್, ಇನ್ನು ಒಂದನ್ನೂ ಬಿಡದೆ ಲೆಕ್ಕಕ್ಕೆ ಹಾಕ್ತೀನಿ, ಸೌಡೇಶ್ವರಿ ಅಮ್ಮನ ಮೇಲಾಣೆ… ಅಯ್ಯೋ, ಪೀಂ ಪೀಂ ಶುರುವಾಯ್ತು. ಬಂದೆ ಕಣ್ಣು, ಬಂದೆ! ಮೇಡಂ, ಬೇಗ ಒಂದೇ ಒಂದು ಹೇಳಿ. ವಂಡಿ ತಳ್ಕೊಂಡು ಆ ಬ್ರಿಡ್ಜ್ ಹತ್ತಿದ್ರೆ ಎಷ್ಟು ಕ್ಯಾಲೊರಿ ಕಳ್ಕೋಬೋದು?… ಯಾಕಂದ್ರೆ, ಆಗ ಲೈನು ಕರಕರ ಅಂತಿದೆ ಅಂದ್ನಲ್ಲ ಮೇಡಂ, ಅದು ಲೈನಲ್ಲ, ಆ ಎರಡು ವರ್ಕಿ—