ತಾಮ್ರದ ಊರಿನ ಮಾಸ್ತರ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಅತಾವುಲ್ಲಾ ಅವರೇ, ನಮ್ಮ ವಿಜ್ಞಾನ ಗೆಳೆಯರ ಬಳಗದ ಕಾರ್ಯದರ್ಶಿ ಹುಲಿಗೇಶ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ಶೃತಿ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ತಾಯಿ ಮಂಜವ್ವನವರೇ, ಗದಗ-ಬೆಟಗೇರಿಯ ಈ ಸೆಕೆಯಲ್ಲಿ ಫ್ಯಾನು ತಿರುಗದಿದ್ದರೂ ಎದ್ದುಹೋಗದ ಸಭಿಕರೇ,

ಎಲ್ಲರಿಗೂ ನನ್ನ ಗೌರವಗಳು. ನಾನು ಬರೆದುಕೊಂಡಿದ್ದ ಭಾಷಣವನ್ನು ಇವತ್ತು ಓದುತ್ತಿಲ್ಲ. ಯಾಕೆಂದು ಹೇಳುತ್ತೇನೆ.

ಹದಿನೈದು ದಿನದ ಹಿಂದೆ ಹುಲಿಗೇಶ ನನಗೆ ಫೋನ್ ಮಾಡಿದರು. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಕಂಪ್ಯೂಟರ್ ಆಟ ತಯಾರಿಸಿದ್ದಾಳೆ, ಮೂರು ವರ್ಷ ಯಾರೂ ಅದರತ್ತ ತಿರುಗಿ ನೋಡಿರಲಿಲ್ಲ, ಈಗ ಹೊರದೇಶದ ಪತ್ರಿಕೆಯೊಂದು ಕಣ್ತಪ್ಪಿಹೋದ ಒಳ್ಳೆಯ ಆಟಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ, ಅಭಿನಂದನೆಯ ಮಾತು ನಿಮ್ಮದೇ ಆಗಬೇಕು ಎಂದರು. ಕೊನೆಗೆ ಒಂದು ಮಾತು ಸೇರಿಸಿದರು. "ಸರ್, ಆ ತಾಯತದ ಜೋಕ್ ಮಾತ್ರ ಬಿಡಬ್ಯಾಡ್ರಿ. ಮಂದಿ ಬಿದ್ದ ಬಿದ್ದ ನಗ್ತಾರ."

ಈಗಲೇ ಹಿಂದಿನ ಸಾಲಿನಲ್ಲಿ ನಗು ಕೇಳುತ್ತಿದೆ. ಹೌದು, ಬಹಳ ಜನರಿಗೆ ಗೊತ್ತು. ಲಕ್ಷ್ಮೇಶ್ವರದಲ್ಲಿ ಹೇಳಿದ್ದೇನೆ, ಶಿರಹಟ್ಟಿಯಲ್ಲಿ ಹೇಳಿದ್ದೇನೆ, ಇದೇ ಸಭಾಂಗಣದಲ್ಲಿ ಎರಡು ಸಲ ಹೇಳಿದ್ದೇನೆ. ಗೊತ್ತಿಲ್ಲದವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ, ಆದರೆ ದಯವಿಟ್ಟು ಈ ಸಲ ನಗಬೇಡಿ.

ನಾನು ವರ್ಗವಾಗಿ ಮುಂಡರಗಿಯ ಒಂದು ಹೈಸ್ಕೂಲಿಗೆ ರಸಾಯನಶಾಸ್ತ್ರ ಕಲಿಸಲು ಹೋದ ಹೊಸತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ತೋಳಿಗೆ ತಾಮ್ರದ ತಾಯತ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಬಂದಳು. ವಿಜ್ಞಾನದ ಕೋಣೆಯಲ್ಲಿ ತಾಯತವೇ? ನಾನು ದಾರ ಕತ್ತರಿಸಿದೆ. ನೈಟ್ರಿಕ್ ಆಮ್ಲದ ಬೀಕರಿನಲ್ಲಿ ತಾಯತ ಹಾಕಿದೆ. ಕಂದು ಹೊಗೆ ಎದ್ದಿತು, ನೀರು ನೀಲಿಯಾಯಿತು, ತಾಯತ ಕರಗಿಹೋಯಿತು. ಆಗ ನಾನು ಹೇಳಿದೆ: "ಮಕ್ಕಳೇ, ತನ್ನನ್ನೇ ಕಾಯಲಾರದ ತಾಯತ ಈ ಹುಡುಗಿಯನ್ನು ಏನು ಕಾದೀತು? ಹೊಡೆಯಿರಿ ಚಪ್ಪಾಳೆ."

ಇಷ್ಟೇ ಜೋಕು. ಮೂಢನಂಬಿಕೆಯ ವಿರುದ್ಧ ನಾನು ಮಾಡಿದ ಅತ್ಯಂತ ಯಶಸ್ವೀ ಪ್ರಯೋಗ ಎಂದು ಹದಿನೇಳು ವರ್ಷ ಹೇಳಿಕೊಂಡು ತಿರುಗಿದೆ. ಆ ಹುಡುಗಿಯ ಹೆಸರು ನನ್ನ ಜೋಕಿನಲ್ಲಿ ಇರಲಿಲ್ಲ. ನನಗೆ ನೆನಪೂ ಇರಲಿಲ್ಲ.

ಇರಲಿ. ನೋಡದೇ ಹೊಗಳುವ ಅಭ್ಯಾಸ ನನಗಿಲ್ಲ. ಆಟವನ್ನು ಆಡಿಯೇ ಮಾತಾಡಬೇಕೆಂದು ನಮ್ಮ ಓಣಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಶ್ಫಾಕನ ಅಂಗಡಿಗೆ ಹೋದೆ. ಅವನೂ ಮುಂಡರಗಿಯಲ್ಲಿ ನನ್ನ ಕೈಯಲ್ಲಿ ಕಲಿತವನೇ. ನನ್ನ ಹೆಂಡತಿ ಬಸವಣ್ಣೆವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಮೊಬೈಲಿಗೆ ನಾನು ಇನ್ನೂ ಪ್ರತಿ ತಿಂಗಳು ರೀಚಾರ್ಜ್ ಮಾಡಿಸುತ್ತೇನೆ, ಅದೂ ಇದೇ ಅಶ್ಫಾಕನ ಹತ್ತಿರ. ಒಮ್ಮೊಮ್ಮೆ ನನ್ನ ಫೋನಿನಿಂದ ರಿಂಗು ಕೊಡುತ್ತೇನೆ. ಒಳಗಿನ ಕೋಣೆಯಲ್ಲಿ ಅದು ರಿಂಗಣಿಸುತ್ತದೆ. ಯಾಕೆ ಹೀಗೆ ಮಾಡುತ್ತೀರಿ ಎಂದು ಅವನು ಒಂದು ದಿನವೂ ಕೇಳಿಲ್ಲ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಹೇಗೋ ಬಾಯಿಗೆ ಬಂತು, ಮನ್ನಿಸಿ.

ಆಟದ ಹೆಸರು 'ತಾಮ್ರದ ಊರು'. ಶೃತಿ ಇಲ್ಲಿನ ಮುದ್ರಣಾಲಯವೊಂದರಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತಾ, ರಜೆಯ ದಿನಗಳಲ್ಲಿ ಕುಳಿತು ಏಳು ವರ್ಷದಲ್ಲಿ ಅದನ್ನು ಕಟ್ಟಿದ್ದಾಳೆ. ಮಾತೆಲ್ಲ ನಮ್ಮ ಕನ್ನಡವೇ. ಆ ಊರಿನಲ್ಲಿ ಮಂತ್ರವೂ ಇದೆ, ಯಂತ್ರವೂ ಇದೆ, ಎರಡಕ್ಕೂ ಆಗಿಬರುವುದಿಲ್ಲ. ಮಂತ್ರ ಬಲ್ಲವಳು ಹಿಟ್ಟಿನ ಗಿರಣಿಯ ಮುಂದೆ ಹಾದುಹೋದರೆ ಬೆಲ್ಟು ಕಳಚಿ ಬೀಳುತ್ತದೆ. ಪಂಪ್‌ಹೌಸಿನ ಹತ್ತಿರ ನಿಂತರೆ ಎಂಥ ಮಂತ್ರವೂ ಬಾಯಲ್ಲೇ ಉಳಿಯುತ್ತದೆ. ಆಡುವವರು ಒಬ್ಬ ಹುಡುಗಿಯಾಗಿ ಆ ಊರನ್ನು ದಾಟಬೇಕು. ಒಬ್ಬನೇ ಒಬ್ಬ ಮೋಟರ್ ವೈಂಡಿಂಗ್ ಮಾಡುವವನು ಕಟ್ಟಿದ ಮೋಟರು ಮಾತ್ರ ಮಂತ್ರವಿದ್ದಲ್ಲೂ ಯಂತ್ರವಿದ್ದಲ್ಲೂ ಓಡುತ್ತದೆ. ಅವನು ತಂತಿ ಸುತ್ತಿ ಮುಗಿಸಿದ ಮೇಲೆ ಒಂದು ಚಿಟಿಕೆ ವಿಭೂತಿ ಹಚ್ಚಿ ಮುಚ್ಚಳ ಹಾಕುತ್ತಾನೆ. ಎಂಥ ಕಲ್ಪನೆ ಎಂದು ನಾನು ಅಲ್ಲೇ ತಲೆದೂಗಿದೆ. ಇಂಥ ಆಟವನ್ನು ನಾವು ಮೂರು ವರ್ಷ ಗಮನಿಸಲಿಲ್ಲವಲ್ಲ ಎಂದು ಬೇಜಾರೂ ಆಯಿತು.

ಮೂರನೆಯ ದಿನ, ಪಂಪ್‌ಹೌಸಿನ ಪಕ್ಕದ ಬೇವಿನ ಗಿಡದ ಕೆಳಗೆ ಒಬ್ಬ ಮಾಸ್ತರ ಕಂಡ. ಬಿಳಿ ಅಂಗಿ, ಕೈಯಲ್ಲಿ ನೀಲಿ ನೀರಿನ ಬೀಕರು. ಮಾತಾಡಿಸಿದೆ. ಪರದೆಯ ಮೇಲೆ ಅವನ ಮಾತು ಮೂಡಿತು: "ಮಕ್ಕಳೇ, ತನ್ನನ್ನೇ ಕಾಯಲಾರದ ತಾಯತ ಈ ಹುಡುಗಿಯನ್ನು ಏನು ಕಾದೀತು?"

ಸಭಿಕರೇ, ಅದು ನನ್ನದೇ ಮಾತು. ದಾರಿ ಯಾವುದು ಎಂದು ಕೇಳಿದೆ, ಅದನ್ನೇ ಹೇಳಿದ. ನೀನು ಯಾರು ಎಂದೆ, ಅದನ್ನೇ ಹೇಳಿದ. ಈ ಹುಡುಗಿ ಯಾರು ಎಂದೆ, ಅದನ್ನೇ ಹೇಳಿದ. ಹನ್ನೊಂದು ಸಲ ಒತ್ತಿದೆ. ಆ ಊರಿನಲ್ಲಿ ಕಳ್ಳನಿಗೂ ನಾಲ್ಕಾರು ಮಾತುಗಳಿವೆ, ಎಮ್ಮೆ ಕಾಯುವವಳಿಗೂ ಇವೆ. ಮಾಸ್ತರನಿಗೆ ಒಂದೇ ಮಾತು. ಅವಳು ನನ್ನನ್ನು ರಾಕ್ಷಸನನ್ನಾಗಿ ಮಾಡಿದ್ದರೆ ನಾನು ಸಿಟ್ಟಾಗಬಹುದಿತ್ತು. ಹಾಗೆ ಮಾಡಿಲ್ಲ. ನಾನು ಇದ್ದ ಹಾಗೆಯೇ ಇಟ್ಟಿದ್ದಾಳೆ.

ಪಕ್ಕದಲ್ಲಿ ನಿಂತಿದ್ದ ಅಶ್ಫಾಕನನ್ನು ಕೇಳಿದೆ, ಈ ಆಟ ಮಾಡಿದವಳು ಯಾರೋ ಎಂದು. ನಮ್ಮ ತರಗತಿಯ ಶೃತಿ, ಸಿಂಗಟಾಲೂರಿನ ಹೊಲವೊಂದರಲ್ಲಿ ಮೋಟರ್ ಕೂಡಿಸುವಾಗ ಕರೆಂಟ್ ಹೊಡೆದು ತೀರಿಕೊಂಡ ಗಾಳೆಪ್ಪನ ಮಗಳು ಎಂದ. ನಾನು ತಾಯತ ಕರಗಿಸುವ ಎರಡು ತಿಂಗಳ ಮೊದಲು ಅವರು ತೀರಿಕೊಂಡಿದ್ದರಂತೆ. ಮಗಳು ಹುಟ್ಟಿದ ವರ್ಷ ಗಾಳೆಪ್ಪ ಸ್ವಂತ ಅಂಗಡಿ ಹಾಕಿ ಸುತ್ತಿದ ಮೊದಲ ಮೋಟರಿನ ತಂತಿಯ ತುಂಡೊಂದು ಉಳಿದಿತ್ತಂತೆ. ಅದನ್ನೇ ಸುರುಳಿ ಮಾಡಿ, ವಿಭೂತಿ ಹಚ್ಚಿ, ತಾಯತದೊಳಗೆ ಇಟ್ಟು, ಅವರೇ ಮೇಣದಿಂದ ಬಾಯಿ ಮುಚ್ಚಿದ್ದರಂತೆ.

ನಿನಗೆ ಹೇಗೆ ಗೊತ್ತು ಎಂದೆ. "ಎಲ್ಲಾರಿಗೂ ಗೊತ್ತಿತ್ತರಿ ಸರ್" ಎಂದ. ಮತ್ತೆ ಯಾಕೆ ಯಾರೂ ಹೇಳಲಿಲ್ಲ? ಅಶ್ಫಾಕ ತಲೆ ತಗ್ಗಿಸಿದ. "ನೀವು ಕೇಳಲಿಲ್ಲರಿ. ಚಪ್ಪಾಳಿ ಹೊಡೀರಿ ಅಂದ್ರಿ, ಹೊಡದ್ವಿ."

ಹೊಸ ಮಾಸ್ತರ ನಾನು. ತಂದೆ ಸತ್ತ ಮಗು ಯಾವುದು ಎಂದು ಕೇಳಿರಲಿಲ್ಲ. ಮರುದಿನದಿಂದ ಆ ಹುಡುಗಿ ಬರಲಿಲ್ಲ. ಹಾಜರಿಯಲ್ಲಿ ಗೈರು ಎಂದು ಬರೆದೆ, ತಿಂಗಳಾದ ಮೇಲೆ ಹೆಸರು ಹೊಡೆದುಹಾಕಿದೆ. ಶಿರಹಟ್ಟಿಯ ಅತ್ತೆಯ ಮನೆಯಲ್ಲಿದ್ದು ಅವಳು ಶಾಲೆ ಮುಗಿಸಿದಳೆಂದು ಮೊನ್ನೆ ತಿಳಿಯಿತು. ಬೀಕರಿನಲ್ಲಿ ಕರಗಿದ್ದು ಏನು? ಮಂತ್ರವೇ? ಒಬ್ಬ ಕುಶಲ ಕೆಲಸಗಾರ ಕೈಯಾರೆ ಸುತ್ತಿದ ತಂತಿ. ನಾನು ತರಗತಿಯಲ್ಲಿ ಕಲಿಸುತ್ತಿದ್ದ ವಿದ್ಯುತ್ತಿನ ಪಾಠವನ್ನು ಆ ಮನುಷ್ಯ ಕೈಯಲ್ಲಿ ಬಲ್ಲವನಾಗಿದ್ದ. ಅದು ಕರಗಿದ ನೀರನ್ನು ನಾನು ಮೋರಿಗೆ ಸುರಿದೆ. ಗಾಳೆಪ್ಪನವರು ಮಗಳಿಗೆ ಬಿಟ್ಟುಹೋಗಿದ್ದು ಅದೊಂದೇ ಆಗಿತ್ತು.

ನನಗೆ ಅತ್ಯಂತ ಆಘಾತವಾಗಿದ್ದು ಇನ್ನೊಂದು ವಿಷಯದಿಂದ. ಆಟದಲ್ಲಿರುವ ಮಾತು ಆ ದಿನ ತರಗತಿಯಲ್ಲಿ ಆಡಿದ ಮಾತಲ್ಲ. ಅಲ್ಲಿ ಆಡಿದ್ದು ಒರಟಾಗಿತ್ತು. ವರ್ಷ ವರ್ಷ ಹೇಳಿ ಹೇಳಿ, ವೇದಿಕೆಗೆ ಒಪ್ಪುವಂತೆ ನಾನು ತಿದ್ದಿಕೊಂಡ ಮಾತು ಅದು. ಹಾಗಾದರೆ ಅವಳು ಎಲ್ಲಿ ಕೇಳಿದಳು? ಇಂಥದೇ ಒಂದು ಸಭೆಯಲ್ಲಿ, ಇಂಥದೇ ಒಂದು ಕುರ್ಚಿಯಲ್ಲಿ, ಎಲ್ಲರೂ ನಗುವಾಗ ಅವಳು ಕುಳಿತಿದ್ದಳು.

ಶೃತಿ, ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ನೋಡಿಯೂ ನೀನು ಬಂದಿದ್ದೀ. ಉದ್ದ ಮಾತು ಬೇಡ. ತಪ್ಪಾತವ್ವಾ. ಅವತ್ತ ನಿನ್ನ ಕೇಳಬೇಕಾಗಿತ್ತು, ಕೇಳಲಿಲ್ಲ. ಮಂಜವ್ವಾರ, ನಿಮ್ಮ ಮನಿಯವರ ಕೈಯ ಗುರುತು ನಾನು ಹಾಳು ಮಾಡಿದೆ. ನನ್ನ ತಪ್ಪಾತ್ರಿ.

ಕಾರ್ಯಕ್ರಮದ ಪ್ರಕಾರ ಮುಂದಿನದು ಶಾಲು. ಅದನ್ನು ಹೊದಿಸುವವನು ನಾನು ಎಂದು ಅಚ್ಚಾಗಿದೆ. ಆದರೆ ಇವತ್ತು ಕೇಳಿಯೇ ಮುಂದುವರಿಯುತ್ತೇನೆ. ಶೃತಿ, ನನ್ನ ಕೈಯಿಂದ ಹೊದಿಸಬಹುದೇ?

ಬೇಡವೆಂದು ತಲೆಯಾಡಿಸುತ್ತಿದ್ದೀ.

ಆಗಲಿ. ಆಗಲಿ ತಾಯಿ. ಹುಲಿಗೇಶ, ಸುಮ್ಮನಿರ್ರಿ, ಅವಳಿಗೆ ಏನೂ ಹೇಳಬ್ಯಾಡ್ರಿ. ಆ ಶಾಲು ಇಲ್ಲಿ ಕೊಡ್ರಿ. ಮಂಜವ್ವಾರ, ನೀವು ಮ್ಯಾಲ ಬರ್ರಿ, ಮಗಳಿಗೆ ನೀವ ಹೊದಿಸ್ರಿ. ಮೆಟ್ಟಲಾ ಎತ್ತರ ಅದಾವ, ಸಾವಕಾಶ ಬರ್ರಿ.

ಇಷ್ಟು ಹೊತ್ತು ಕೇಳಿದ ನಿಮಗೆ ಋಣಿ. ನಾನು ಕೆಳಗೆ ಹೋಗಿ ಕೂಡುತ್ತೇನೆ. ನಮಸ್ಕಾರ.