ಎಡಗಡೆಯಿಂದ ಬರೋ ಬೆಳಕು

...ಅಲ್ಲ ಅಕ್ಕ, ನಗೋ ವಿಷಯ ಅಲ್ಲ ಇದು. ನಿಜವಾಗ್ಲೂ ಕತ್ತಲೆ ಮಾಡಿದ್ದಕ್ಕೇ ಆ ಹೋಟೆಲಿನವರು ನನ್ನ ಹೊಗಳಿದ್ದು. ಆ ಹೋಟೆಲಿನ ಯಜಮಾನ ತೋಟದಲ್ಲಿರೋ ಒಂದೊಂದು ಮರದ ಬುಡಕ್ಕೂ ದೀಪ ಬೇಕು ಅಂತ ಪಟ್ಟು ಹಿಡಿದು ಕೂತಿದ್ದ. ನಾನಂದೆ, ಸ್ವಾಮಿ, ಎಲ್ಲ ಮರಕ್ಕೂ ಬೆಳಕು ಬಿಟ್ರೆ ಒಂದು ಮರಾನೂ ಕಾಣಲ್ಲ, ಜನ ಊಟಕ್ಕೆ ಬಂದಿದಾರೋ ಕಳ್ಳನ್ನ ಹುಡುಕೋಕೆ ಬಂದಿದಾರೋ ಗೊತ್ತಾಗಲ್ಲ ಅಂತ. ಕೊನೆಗೆ ಮೂಲೇಲಿದ್ದ ದೊಡ್ಡ ಮರ ಒಂದಕ್ಕೇ ಕೆಳಗಿಂದ ಬೆಳಕು ಬಿಟ್ಟೆ, ಮಿಕ್ಕಿದ್ದೆಲ್ಲ ಕತ್ತಲು. ಬಂದು ನಿಂತವನು ಬಾಯಿ ಬಿಟ್ಕೊಂಡು ನೋಡ್ತಾನೇ ಇದ್ದ... ಹೂಂ, ಕೊಚ್ಕೊಳ್ತೀನಿ. ನಿನ್ನ ಹತ್ರ ಅಲ್ದೆ ಇನ್ಯಾರ ಹತ್ರ ಕೊಚ್ಕೊಳ್ಳಲಿ?

ಆದ್ರೆ ನಿನ್ನ ಮನೇಲಿ ಮಾತ್ರ ಕತ್ತಲೆಗೆ ಜಾಗ ಇಲ್ಲ. ಗೇಟಿಂದ ಬಾಗಿಲವರೆಗೆ ಮೊಣಕಾಲೆತ್ತರದ ದೀಪ ಹಾಕಿದೀನಿ, ಮುಖ ಎಲ್ಲ ನೆಲಕ್ಕೆ, ಒಂದೂ ಕಣ್ಣಿಗೆ ಹೊಡೆಯಲ್ಲ. ಮೆಟ್ಟಿಲಿನ ಅಂಚಿಗೆಲ್ಲ ಬೆಳಕಿನ ಪಟ್ಟಿ. ಒಲೆ ಮೇಲಿನ ಕಪಾಟಿನ ಅಡಿಗೊಂದು. ಎದುರು ಮನೆಯವರು ನಿನ್ನೆ ನಿಲ್ಲಿಸಿ ಕೇಳಿದ್ರು, ಏನಪ್ಪಾ, ನಿಮ್ಮಕ್ಕನ ಮನೆ ಮುಂದೆ ವಿಮಾನ ಇಳಿಯುತ್ತಾ ಅಂತ... ನೋಡು, ಮತ್ತೆ ನಕ್ಕೆ. ನಗು, ನಗು. ಹೀಗೆ ನಗ್ತಾ ಇರು.

ಆಮೇಲೆ ನಿನ್ನ ಹೊಲಿಗೆ ಮಿಷನ್ನಿನ ದೀಪ. ಅದಕ್ಕೆ ನಾನು ಪಟ್ಟ ಪಾಡು ಯಾವ ಹೋಟೆಲಿಗೂ ಪಟ್ಟಿಲ್ಲ. ಎಡಗಡೆಯಿಂದಲೇ ಬರೋ ಹಾಗಿಟ್ಟಿದೀನಿ, ಸೂಜಿ ಮೇಲೆ ಕೈ ನೆರಳು ಬೀಳಬಾರದು. ಇದನ್ನ ನನಗೆ ಯಾವ ಕಾಲೇಜೂ ಕಲಿಸಲಿಲ್ಲ ಅಕ್ಕ. ಕರೆಂಟು ಹೋದಾಗ ನನ್ನ ಕೈಗೆ ಟಾರ್ಚು ಕೊಟ್ಟು ನಿಲ್ಲಿಸ್ತಿದ್ಯಲ್ಲ... "ಎಡಕ್ಕೆ ಬಾರೋ ಮಿಣುಕ, ನೆರಳು ಬೀಳ್ತಿದೆ, ಇನ್ನೂ ಎಡಕ್ಕೆ!" ಕೈ ನೋಯ್ತಿತ್ತು. ಕೆಳಗಿಳಿಸಿದ್ರೆ ಸ್ಕೇಲಲ್ಲಿ ಮಂಡಿಗೆ ಒಂದು ಬೀಳ್ತಿತ್ತು. ಇವತ್ತಿಗೂ ಎಲ್ಲೇ ದೀಪ ಇಡೋಕೆ ಹೋದ್ರೂ ಮೊದಲು ನಿನ್ನ ಬೈಗುಳವೇ ಕೇಳ್ಸೋದು.

ಏನು?... ಮತ್ತೆ ಅದೇ, ಕಣ್ಣಿನ ಡಾಕ್ಟ್ರು ಏನಂದ್ರು ಅಂತ. ದಿನಾ ಕೇಳ್ತೀಯಲ್ಲ, ಬೇಜಾರಾಗಲ್ವಾ ನಿನಗೆ? ಹೇಳಿದ್ನಲ್ಲ, ಬೆಳಕು ಚೆನ್ನಾಗಿದ್ರೆ ಎಲ್ಲ ನಡೆಯುತ್ತೆ ಅಂದ್ರು ಡಾಕ್ಟ್ರು. ಅಷ್ಟೇ... ನಿನ್ನ ಹೊರಗೆ ಕೂರಿಸಿದ್ದು ಯಾಕೆ ಅಂತಾನಾ? ಅದು, ಅದೇನಿಲ್ಲ, ಕಣ್ಣಿಗೆ ಹನಿ ಯಾವಾಗ ಹಾಕಬೇಕು ಅಂತ ಹೇಳೋಕೆ ನನ್ನೊಬ್ಬನ್ನ ಒಳಗೆ ಕರೆದಿದ್ರು. ಹೊತ್ತಾಯ್ತು ಅಂದ್ರೆ... ಮಾತುಗಾರರು ಅಕ್ಕ ಅವರು. ನಾನು ದೀಪದವನು ಅಂತ ಗೊತ್ತಾಗಿದ್ದೇ ತಡ, ತಮ್ಮ ಮನೆ ವರಾಂಡದ ಕಥೆ ತೆಗೆದ್ರು. ಬಿಡು ಆ ಮಾತು.

ನೀನೇ ನೋಡ್ತಿದೀಯಲ್ಲ, ಎಷ್ಟು ವ್ಯತ್ಯಾಸ! ಮೊನ್ನೆ ಒಂದೊಂದೇ ಹಾಕಿ ತೋರಿಸಿದಾಗ, ಟಕ್ ಅಂದ ಕೂಡ್ಲೇ "ಹಾಂ, ಬಂತು" ಅಂದೆ. ಒಂದು ಸಲಾನೂ ತಪ್ಪಲಿಲ್ಲ. ಕರೀ ದಾರ ಯಾವುದು, ನೀಲಿ ದಾರ ಯಾವುದು ಅಂದಾಗ ಡಬ್ಬಿಯಿಂದ ಸರಿಯಾಗಿ ಎತ್ತಿ ಕೊಟ್ಟೆ. ನನಗೇ ಅವೆರಡೂ ಒಂದೇ ಥರ ಕಾಣ್ತಿದ್ವು! ಮನೆಗೆ ಹೋಗಿ ಹೆಂಡ್ತಿ ಹತ್ರ ಹೇಳಿದೆ, ಅಕ್ಕನ ಕಣ್ಣು ನನಗಿಂತ ಚೆನ್ನಾಗಿದೆ ಕಣೇ ಅಂತ. ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಸರಿ, ಈಗ ಇವತ್ತಿನ ಹೊಸಾದ್ದು. ನೀನು ಅಲ್ಲೇ ಕೂತಿರು, ನಿನ್ನ ಕುರ್ಚಿಯಲ್ಲೇ. ಆ ಜಾಗದಲ್ಲಿ ಬದುಕೋರು ಆ ಜಾಗದಲ್ಲೇ ಕೂತು ನೋಡ್ಬೇಕು, ಅದು ನಮ್ಮ ಕೆಲಸದ ಪದ್ಧತಿ. ಗೋಡೆ ಮೇಲಿನ ಹಳೇ ಸ್ವಿಚ್ಚುಗಳ ಕಥೆ ಮುಗೀತು. ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ತಂತಿ ಬಿಚ್ಚಿ ಹಾಕಿದೆ, ಗೋಡೆ ತೂತು ಮುಚ್ಕೊಂಡಿರಲಿ ಅಂತ ಬರೀ ಸ್ವಿಚ್ಚು ಅಲ್ಲೇ ಬಿಟ್ಟಿದೀನಿ. ಇನ್ನು ಎಲ್ಲ ಈ ಫೋನಲ್ಲೇ. ಟಕ್ಕೂ ಇಲ್ಲ, ಪಟಕ್ಕೂ ಇಲ್ಲ. ಸದ್ದೇ ಇಲ್ದೆ ಬೆಳಗಾಗೋ ಹಾಗೆ ಏರುತ್ತೆ. ಪರದೆ ಎಳೆದಿದೀನಿ, ಎಲ್ಲ ಆರಿಸಿದೀನಿ. ಮಿಷನ್ ದೀಪ ಹಾಕ್ತೀನಿ, ಬಂದ ಕೂಡ್ಲೇ ಹೇಳು.

ಹೂಂ... ಏರ್ತಾ ಇದೆ... ಹೇಳು.

ಅವಸರ ಇಲ್ಲ, ನಿಧಾನಕ್ಕೆ ಹೇಳು... ಈಗ? ಬಟ್ಟೆ ಮೇಲೆ ಬಿತ್ತು ನೋಡು... ಈಗ? ಅಕ್ಕ? ನಿದ್ದೆ ಗಿದ್ದೆ ಬಂತಾ?... ಪೂರ್ತಿ ಇದೆ ಅಕ್ಕ ಈಗ, ಇಲ್ಲಿ ನಿಂತಿರೋ ನನಗೇ ಕಣ್ಣು ಕುಕ್ತಿದೆ... ಅಲ್ಲ, ಅಲ್ಲ, ಇರು. ಫೋನೇ ಸರಿ ಇಲ್ಲ. ಹೊಸಾದ್ದಲ್ವಾ, ಹೀಗೇ ಕೈ ಕೊಡುತ್ತೆ. ನೀನೇನೂ ಯೋಚನೆ ಮಾಡ್ಬೇಡ, ನಾನು ಇನ್ನೊಂದು ಸಲ...

ಏನಂದೆ?

ಬಂತಾ?

ಏನು ಬಂತು ಅಕ್ಕ?... ನಾನು ಈಗ ಏನೂ ಹಾಕಿಲ್ಲ, ದೀಪ ಆಗಿಂದ ಉರೀತಾನೇ ಇದೆ. ಗೋಡೆಗೆ ಒರಗೋಕೆ ಹೋದೆ, ಮೊಣಕೈ ತಾಗಿ ಆ ಹಳೇ ಸ್ವಿಚ್ಚು ಟಕ್ ಅಂತು. ಅಷ್ಟೇ. ಅದಕ್ಕೆ ತಂತೀನೇ ಇಲ್ಲ ಅಕ್ಕ.

ಮೊನ್ನೆನೂ ಹೀಗೇನಾ? ಟಕ್ ಅಂದ್ರೆ ಬಂತು ಅಂತಿದ್ಯಾ? ದಾರ ಕೂಡ... ಹೌದಲ್ಲ, ಆ ಡಬ್ಬೀಲಿ ಯಾವ ದಾರ ಯಾವ ಮೂಲೆ ಅಂತ ಕಣ್ಣು ಮುಚ್ಚಿ ಹೇಳ್ತೀಯ ನೀನು. ನನಗ್ಯಾಕೆ ಹೊಳೀಲಿಲ್ಲ... ಯಾಕಕ್ಕ ಹೀಗೆ ಮಾಡಿದೆ? ನಾನು ಏಣಿ ಹತ್ತಿ ಇಳಿದು ಒದ್ದಾಡೋದು ಕೇಳಿಸ್ಕೊಂಡು, ಪಾಪ ಇವನು ಖುಷಿಯಾಗಿರಲಿ ಅಂತ ಅಂದ್ಕೊಂಡ್ಯಾ? ಬಾಯಿಬಿಟ್ಟು ಹೇಳು. ಬೈಯೋದಾದ್ರೂ ಬೈ.

ಸರಿ. ಕೇಳು ಹಾಗಾದ್ರೆ. ಡಾಕ್ಟ್ರು ಏನಂದ್ರು ಅಂತ ಕೇಳು. ದಿನಾ ಕೇಳ್ತಿದ್ದೆ, ಈಗ ತಾನೇ ಕೇಳಿದೆ, ಇನ್ನೊಂದು ಸಲ ಕೇಳು. ಈ ಸಲ ವರಾಂಡದ ಕಥೆ ಹೇಳಲ್ಲ... ಕೇಳು ಅಕ್ಕ. ನೀನು ಕೇಳದೆ ನನ್ನ ಬಾಯಿಂದ ಅದು ಬರಲ್ಲ...

ಕೇಳಲ್ಲ, ಅಲ್ವಾ?

ಗೊತ್ತಿತ್ತು ನಿನಗೆ. ಅವತ್ತು ಆ ಬಾಗಿಲಿನಾಚೆ ಕೂತಾಗಲೇ ಗೊತ್ತಿತ್ತು. ದಿನಾ ಕೇಳ್ತಿದ್ದಿದ್ದು ನಿನಗೋಸ್ಕರ ಅಲ್ಲ. ಇವನು ಯಾವತ್ತಾದ್ರೂ ಎದೆ ಮೇಲಿರೋದನ್ನ ಇಳಿಸ್ತಾನೇನೋ ಅಂತ. ನಾನೋ, ದಿನಾ ಒಂದು ದೀಪ ಹೆಚ್ಚಿಗೆ ತಂದು ಹಾಕ್ತಿದ್ದೆ.

ಬೆಳಕಿನ ಮಾತೇ ಎತ್ತಲಿಲ್ಲ ಅಕ್ಕ ಅವರು. ನಾನೇ ಕೇಳಿದೆ, ಎಷ್ಟು ಬೇಕಾದ್ರೂ ಹಾಕ್ತೀನಿ, ಯಾವ ಥರದ್ದು ಬೇಕಾದ್ರೂ ತರ್ತೀನಿ ಅಂತ. ನನ್ನ ಮುಖಾನೇ ನೋಡ್ತಾ ಕೂತ್ರು, ಈಗ ನೀನು ಕೂತಿದೀಯಲ್ಲ, ಹಾಗೇ. ಆಮೇಲೆ ನಿನ್ನ ಫೈಲು ಮುಚ್ಚಿಟ್ರು.

ಏಳಬೇಡ, ಕೂತಿರು. ಈ ದೀಪ ಇನ್ನೂ ಸ್ವಲ್ಪ ಸರಿಸ್ತೀನಿ ಇರು. ಸೂಜಿ ಮೇಲೆ ನನ್ನ ಕೈ ನೆರಳೇ ಬೀಳ್ತಿದೆ. ಎಡಕ್ಕೆ... ಇನ್ನೂ ಎಡಕ್ಕೆ ಅನ್ನು ಅಕ್ಕ. ನನಗೆ ಇದೊಂದು ಬಿಟ್ಟು ಬೇರೆ ಏನೂ ಬರಲ್ಲ.