ಟೊಮೇಟೊ ತೋಟಕ್ಕೊಂದು ಮೆಸೇಜು

ಈ ತಂಗಿಗೆ ಬೈದ್ಬಿಡು ಭೀಮೇಶಣ್ಣ, ಈ ಸಾರಕ್ಕಿ ಮಾರ್ಕೆಟ್ ಎದುರಿಗೇ ಬೈದ್ರೂ ಪರ್ವಾಗಿಲ್ಲ. ಟೀ ಆರೋಗ್ತಿದೆ, ಕುಡಿ.

ಇಷ್ಟೇನಾ ಉಳಿದಿದ್ದು? ಇಡೀ ತೋಟದ ಟೊಮೇಟೊ... ಇಷ್ಟೇನಾ? ಮಿಕ್ಕಿದ್ದೆಲ್ಲ ಅಂಗಮಾರಿ ರೋಗ ಬಂದು ಕಪ್ಪಾಗೋಯ್ತಾ! ಅಯ್ಯೋ...

ಯಾಕೆ ನಗ್ತೀಯ? ಹೂಂ, ರೋಗ ಬರೋ ಮುಂಚೇನೇ ಹೇಳೋದು ನನ್ನ ಕೆಲ್ಸ. ಜೆಪಿ ನಗರದ ಆಫೀಸಲ್ಲಿ ಕೂತು, ಊರೂರ ಹೊಲದಲ್ಲಿ ನಿಲ್ಲಿಸಿರೋ ಹವಾಮಾನದ ಕಂಬಗಳು ಏನು ಹೇಳ್ತವೆ ಅಂತ ನೋಡೋದು. ಮಳೆ ಎಷ್ಟು ಬಿತ್ತು, ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು... ರೋಗ ಬರೋ ಹಂಗಿದ್ರೆ ಇವತ್ತೇ ಔಷಧಿ ಹೊಡೀರಿ ಅಂತ ರೈತರಿಗೆ ಮೆಸೇಜ್ ಹಾಕೋದು. ನಾನೇ ಅಲ್ವಾ ಕಾಡಿ ಬೇಡಿ ನಮ್ಮ ತೋಟಾನೂ ಸೇರಿಸಿದ್ದು? ಹೋದ್ಸಲ ಬೆಳೆ ಸಖತ್ತಾಗಿ ಬಂತು ಅಂತ ನೀನೇ ಹೇಳಿದ್ದೆ!

ಈ ಸಲ ನಮ್ಮೂರ ಕಂಬ ಕೆಟ್ಟೋಗಿತ್ತು. ಅಷ್ಟೇ. ಮೆಸೇಜ್ ಹೋಗ್ಲಿಲ್ಲ.

ಏನು? ಗೋವಿಂದಮ್ಮನಿಗೆ ಬಂತಾ? ಪಕ್ಕದ ತೋಟದ ಗೋವಿಂದಮ್ಮನಿಗಾ? ಔಷಧಿ ಹೊಡೆಸಿದ್ರಾ... ಅವರ ಗಿಡ ಹಸಿರಾಗೇ ಇದ್ಯಾ...

ಒಳ್ಳೇದಾಯ್ತು. ಇಲ್ಲ, ನಿಜವಾಗ್ಲೂ.

ಹೂಂ, ಕಂಬ ಕೆಟ್ಟಿರ್ಲಿಲ್ಲ. ನಿಂಗೆ ಫೋನೂ ಮಾಡ್ದೆ ಕಣಣ್ಣ! ನೀನು ಅತ್ತಿಗೆ ಊರಿಗೆ ಹೋಗಿದ್ದೆ, ಸ್ವಿಚ್ ಆಫ್ ಬರ್ತಿತ್ತು. ಜಮೀನು ಅಪ್ಪನ ಹೆಸ್ರಲ್ಲಿರೋದು, ಮೆಸೇಜ್ ಹೋಗೋದೂ ಅಪ್ಪನ ಫೋನಿಗೇ. ಅಪ್ಪಂಗೂ... ಅಪ್ಪಂಗೂ ಲೈನ್ ಸಿಗ್ಲಿಲ್ಲ. ಸಿಗ್ಲಿಲ್ಲ ಅಂದ್ನಲ್ಲ! ಅವರನ್ನ ಏನೂ ಕೇಳೋಕ್ಹೋಗ್ಬೇಡ. ತಪ್ಪು ನಂದೇ ಅಂತ ಅನ್ಕೋ, ಮುಗೀತು.

ಹಂಗೆ ನೋಡ್ಬೇಡ ಅಣ್ಣ.

ನೋಡ್ಬೇಡ ಅಂದ್ನಲ್ಲ...

...ಸಿಕ್ತು. ಅಪ್ಪನೇ ಎತ್ತಿದ್ರು. ಸಂಜೆಯೊಳಗೆ ಔಷಧಿ ಹೊಡೆಸ್ಬೇಕಪ್ಪ, ಬಿಟ್ರೆ ತೋಟ ಉಳಿಯಲ್ಲ ಅಂದೆ. ಆಗ್ಲಿ, ಆಗ್ಲಿ ಅಂದ್ರು. ಏನು ಹೇಳ್ದೆ ಹೇಳಿ ನೋಡೋಣ ಅಂದೆ, ಸರಿಯಾಗೇ ಹೇಳಿದ್ರು. ಆಮೇಲೆ ಫೋನ್ ಇಡೋ ಮುಂಚೆ... ಎಷ್ಟು ಮರ್ಯಾದೆಯಿಂದ ಕೇಳಿದ್ರು ಗೊತ್ತಾ... "ತಾವು ಯಾರು ಮೇಡಂ ಮಾತಾಡ್ತಿರೋದು?"

ಪಂಕಜಾ ಅಪ್ಪ, ನಿಮ್ಮ ಮಗಳು ಅಂದೆ. "ತುಂಬಾ ಸಂತೋಷ ಮೇಡಂ" ಅಂದ್ರು. ಇಟ್ಬಿಟ್ರು.

ನನ್ನೇ ಮರ್ತೋರು ಔಷಧಿ ಎಲ್ಲಿ ನೆನಪಿಟ್ಕೋತಾರೆ ಅಣ್ಣ? ಗೋವಿಂದಮ್ಮನಿಗಾದ್ರೂ ಫೋನ್ ಮಾಡ್ಬೋದಿತ್ತು. ಮಾಡಿ ಏನಂತ ಹೇಳ್ಲಿ? ಅಪ್ಪಂಗೆ ನಾನೇ ಗುರ್ತು ಸಿಗ್ಲಿಲ್ಲ, ನೀವು ಹೋಗಿ ನೋಡಿ ಅಂತಾನಾ? ಬಾಯಿ ಹೆಂಗೆ ಬರುತ್ತೆ?

ಏನಾದ್ರೂ ಹೇಳು. ಗಾಬರಿಯಾದ್ರೂ ಬೀಳು. ಹಂಗೇನಿಲ್ಲ, ನಿದ್ದೆಗಣ್ಣಲ್ಲಿದ್ರು ಅಂತಾನಾದ್ರೂ ಅನ್ನು...

ಅಣ್ಣ? ಯಾಕೆ ತಲೆ ತಗ್ಗಿಸ್ದೆ?

...ಎಷ್ಟು ದಿನದಿಂದ ಗೊತ್ತು ನಿಂಗೆ?